ಬಾಯಿ ತುಂಬ ಜೋಳ ತುಂಬಿಕೊಂಡ ನಂದಿ

ಫೆಬ್ರವರಿ 9, ಭಾನುವಾರ, ಬೆಳಿಗ್ಗೆ 6.40. ಸಿಂದಗಿ ಬಸ್ ನಿಲ್ದಾಣದಲ್ಲಿ ಆಯಿ ಮುದ್ದೇಬಿಹಾಳದ ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದಳು, ಅವಳ ಪಕ್ಕದಲ್ಲಿ ನಾನು ಕೂತೆ. ಆಯಿ ಎಂದರೆ ನನ್ನ ಅಪ್ಪನ ತಾಯಿ. ಅವಳು ಹೊರಟದ್ದು ಒಂದು ಕಥೆಯ ಕೊನೆ ಕೇಳುವುದಕ್ಕೆ.

ತಂಗಡಗಿಯ ಈಚೆ ಕೃಷ್ಣೆಯ ದಂಡೆಯಲ್ಲಿ ಒಂದು ಹಳೆಯ ಕಲ್ಲಿನ ಗುಡಿ ಇದೆ. ಅಲ್ಲಿಯ ನಂದಿ ಶಿವನಿಗೆ ಬೆನ್ನು ಮಾಡಿ ಕೂತಿದೆ. ಯಾಕೆ ಎಂಬುದನ್ನು ಪೂಜಾರಿಯೇ ಹೇಳಬೇಕು. ಕೇಳುವವರು ನಗಬಾರದು. ನಕ್ಕವರು ಎದ್ದು ಹೊರಗೆ ಹೋಗಬೇಕು, ಅವರಿಗೆ ಅವತ್ತು ಮತ್ತೆ ಕಥೆ ಇಲ್ಲ. ಪೂರ್ತಿ ಕೇಳಿದವರು ಅದನ್ನು ಯಾರಿಗೂ ಹೇಳುವಂತಿಲ್ಲ.

ಮದುವೆಯಾದ ವರ್ಷ ಆಯಿ ನಕ್ಕು ಹೊರಗೆ ಬಂದಳು. ಪಕ್ಕದಲ್ಲಿ ಕೂತಿದ್ದ ನನ್ನಜ್ಜ ನಗದೆ ಪೂರ್ತಿ ಕೇಳಿದ. ಆಮೇಲೆ ಅವನ ಜೀವಮಾನವಿಡೀ ಆಯಿ ಕೊನೆ ಏನೆಂದು ಕೇಳುತ್ತಲೇ ಇದ್ದಳು, ಅವನು ಹೇಳಲಿಲ್ಲ. "ನಗದಂಗ ಕುಂತು ನೀನ ಕೇಳ್ಕೊ ಹೋಗು" ಅನ್ನುತ್ತಿದ್ದನಂತೆ. ಹೇಳದೆಯೇ ತೀರಿಕೊಂಡ. ಈವರೆಗೆ ಆಯಿ ನಾಲ್ಕು ಸಲ ಹೋಗಿ ನಾಲ್ಕೂ ಸಲ ನಕ್ಕು ಬಂದಿದ್ದಾಳೆ. ಇದು ಐದನೆಯದು.

ಪ್ರತಿ ಸಲ ಅವಳು ನಕ್ಕದ್ದು ಪೂಜಾರಿ ನಂದಿಯ ಹಾಗೆ ಗಲ್ಲ ಉಬ್ಬಿಸಿದಾಗಲೇ. ಅದಕ್ಕೆ ಬಸ್ಸಿನಲ್ಲೇ ತಾಲೀಮು ಇಟ್ಟೆ. ತಾಳಿಕೋಟೆ ಬರುವಷ್ಟರಲ್ಲಿ ಹನ್ನೊಂದು ಸಲ ಗಲ್ಲ ಉಬ್ಬಿಸಿ ಅವಳ ಮುಖದ ಮುಂದೆ ಹಿಡಿದೆ. ಮೊದಲ ಏಳರಲ್ಲಿ ಆಯಿ ಸೋತಳು, ಉಳಿದ ನಾಲ್ಕರಲ್ಲಿ ಗೆದ್ದಳು.

"ಹುಡುಗಿಗೆ ಹಲ್ಲುನೋವೇನ್ರಿ ಅವ್ವಾ?" ಎಂದ ಕಂಡಕ್ಟರ್.

"ಇಲ್ಲಪ್ಪ, ಅಕಿ ಎತ್ತಾಗ್ಯಾಳ" ಎಂದಳು ಆಯಿ, ಗಂಭೀರವಾಗಿ.

ಗುಡಿಯಲ್ಲಿ ಬಿಳಿ ಮೀಸೆಯ ಪೂಜಾರಿ ನಮ್ಮಿಬ್ಬರನ್ನೂ ನಂದಿಯ ಮುಂದೆ ಕೂಡಿಸಿದ. "ಮತ್ತ ಬಂದ್ರೇನ್ರಿ ಯವ್ವಾ? ಈ ಸಲನರ ಹಲ್ಲು ಕಚ್ಚಿ ಕುಂಡ್ರಿ" ಎಂದು ಶುರು ಮಾಡಿದ.

ನಂದಿ ರಾತ್ರಿ ಕದ್ದು ಹೋಗಿ ಒಬ್ಬ ಬಡ ಹೆಣ್ಣುಮಗಳ ಹೊಲದ ಜೋಳ ಮೇದು ಬಂದಿತು. ನಸುಕಿನಲ್ಲಿ ಶಿವ ಕೇಳಿದ, "ರಾತ್ರಿ ಎಲ್ಲಿಗೆ ಹೋಗಿದ್ದಿ?" ಬಾಯಿ ತುಂಬ ಜೋಳ, ನುಂಗಲು ಹೊತ್ತಿಲ್ಲ, ಉತ್ತರ ಹೇಳಬೇಕು. ಪೂಜಾರಿ ಎರಡೂ ಗಲ್ಲ ಉಬ್ಬಿಸಿ, ಕಣ್ಣು ಮೇಲೆ ಮಾಡಿ, "ಉಂ... ಉಂಉಂ" ಎಂದು ತಲೆ ಅಲ್ಲಾಡಿಸಿದ. ಮೀಸೆಯ ಕೂದಲು ಒಂದೊಂದಾಗಿ ಎದ್ದು ನಿಂತವು.

ತಾಲೀಮು ಕೊಟ್ಟವಳು ನಾನೇ ಮೊದಲು ನಕ್ಕೆ. ಪೂಜಾರಿ ಬಾಗಿಲು ತೋರಿಸಿದ.

ಹೊರಗಿನ ಕಟ್ಟೆಯಿಂದ ಆಯಿಯ ಬೆನ್ನು, ಪೂಜಾರಿಯ ಮುಖ ಕಾಣುತ್ತಿದ್ದವು, ಮಾತು ಕೇಳುತ್ತಿರಲಿಲ್ಲ. ಬೆನ್ನು ಅಲುಗಲಿಲ್ಲ. ಪೂಜಾರಿ ಗಲ್ಲ ಇಳಿಸಿ ಕಥೆ ಮುಂದುವರಿಸಿದ. ಆಯಿ ಗೆದ್ದಳು ಎಂದು ನಾನು ಒಬ್ಬಳೇ ಕುಣಿದೆ. ಅಷ್ಟರಲ್ಲಿ ಅವಳ ಹೆಗಲು ನಡುಗಿತು. ಅಳುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ಗುಡಿಯೆಲ್ಲ ತುಂಬುವ ಹಾಗೆ ನಗೆ ಕೇಳಿಸಿತು.

ಓಡಿ ಒಳಗೆ ಹೋದೆ. ಆಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಯವ್ವಾ, ಇನ್ನ ಎರಡ ಮಾತು ಉಳಿದಿದ್ವು" ಎಂದ ಪೂಜಾರಿ.

"ಕಥಿಗೆ ನಕ್ಕಿಲ್ಲೋ ಯಪ್ಪಾ. ಈ ಸಲ ನಾ ನಗಲಿಲ್ಲಲ್ಲ ಅಂತ ಖುಷಿಗೆ ನಗಿ ಬಂತು."

"ಯಾವ ನಗಿ ಆದ್ರೂ ನಗೀನರಿ" ಎನ್ನುತ್ತಲೇ ಪೂಜಾರಿ ತಾನೂ ನಕ್ಕುಬಿಟ್ಟ.

ಆಯಿ ಹೇಳಿದ ಹಾಗೆ, ಶಿವ ಆ ಹೆಣ್ಣುಮಗಳನ್ನು ಕರೆಸಿದನೆಂಬಲ್ಲಿಗೆ ಕಥೆ ನಿಂತಿತ್ತು. ಮೇದುಹೋದ ಬೆಳೆಗೆ ಅವಳಿಗೆ ಏನು ಕೊಟ್ಟ? ಹೊಲದಲ್ಲೇ ಬದುಕು ಸವೆಸಿದ ಆಯಿಗೆ ಬೇಕಾದದ್ದು ಅದೊಂದೇ.

"ಬರದು ಕೊಡಬಹುದೇನ್ರಿ?" ಎಂದು ಪೂಜಾರಿಯನ್ನು ಕೇಳಿದೆ.

ಅವನು ಮೀಸೆ ತೀಡಿದ. "ಹೇಳಬಾರ್ದು ಅಂತ ಐತಿ. ಬರೀಬಾರ್ದು ಅಂತ ಯಾರೂ ಅಂದಿಲ್ಲ. ನಾ ಅಂತೂ ಬರಿಯಂಗಿಲ್ಲ. ಮತ್ತ ಯಾರರ ಬರದ್ರ ನನ್ನ ಕಣ್ಣಿಗೆ ಬೀಳೂದಿಲ್ಲ."

ಮನೆಗೆ ಬಂದ ಮೇಲೆ ಆಯಿ ಎತ್ತು ಕಂಡರೂ ನಗುತ್ತಿದ್ದಾಳೆ. ಆರನೆಯ ಸಲ ಗೆಲ್ಲುವ ಲಕ್ಷಣವಿಲ್ಲ. ಆ ಗುಡಿಯಲ್ಲಿ ನಗದೆ ಕೂತು ಕೇಳಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಕೊನೆಯ ಆ ಎರಡು ಮಾತನ್ನು ದಯವಿಟ್ಟು ಬರೆದು ಕಳಿಸಿ. ನಾನು ಓದುವುದಿಲ್ಲ. ಆಯಿಯ ಕನ್ನಡಕ ಒರೆಸಿ ಇಟ್ಟಿದ್ದೇನೆ, ಅಕ್ಷರ ಮಾತ್ರ ದೊಡ್ಡದಾಗಿರಲಿ.