ಎರಡು ಸಲ ಬಡಿಸಿಕೊಂಡ ಉಪ್ಪಿಟ್ಟು

“ಕೈರುಚಿ ಚೆನ್ನಾಗದೆ ಕಣಮ್ಮ, ನಾಳಿಂದ್ಲೇ ಬಂದ್ಬುಡು” ಎನ್ನುತ್ತಾ ಗುಂಡ್ಲುಪೇಟೆಯ ಹೋಟೆಲೊಂದರ ಮಾಲೀಕರು ಉಪ್ಪಿಟ್ಟನ್ನು ಎರಡನೇ ಸಲ ಬಡಿಸಿಕೊಂಡರು. ಅಡುಗೆ ಕೆಲಸ ಕೇಳಿ ಬಂದಿದ್ದ ಹೆಂಗಸು ಪರೀಕ್ಷೆಗೆಂದು ಮಾಡಿದ್ದ ಉಪ್ಪಿಟ್ಟದು. ಗಿರಾಕಿಯಾದ ನನಗೂ ಒಂದು ತಟ್ಟೆ ಬಂತು. ಆಮೇಲೆ ಮಾಲೀಕರು ಊರು ಕೇಳಿದರು, ಹರವೆ ಎಂದಳು. ಯಾವ ಬೀದಿ ಎಂದರು. ಆಕೆ ಊರಾಚೆಯ ಕೇರಿಯ ಹೆಸರು ಹೇಳಿದ್ದೇ ತಡ, “ಅಡುಗೆಗೆ ಬ್ಯಾಡ, ಹಿಂದ್ಗಡೆ ಪಾತ್ರೆ ತೊಳ್ಕಂಡಿರು” ಎಂದುಬಿಟ್ಟರು.

“ಈಗ ತಿಂದದ್ದನ್ನ ಏನ್ ಮಾಡೀರಿ ಸಾಮಿ?” ಎಂದು ಕೇಳಿ ಆಕೆ ಹೊರಟೇಹೋದಳು. ಮಾಲೀಕರು ನನ್ನತ್ತ ತಿರುಗಿ, ಈಗ ಕೆಲಸಕ್ಕೆ ಜನವೇ ಸಿಗುವುದಿಲ್ಲ ಎಂದು ಗೊಣಗಿದರು!

‘ಅಡುಗೆಯವರು ಬೇಕಾಗಿದ್ದಾರೆ’ ಎಂಬ ಬೋರ್ಡು ಬಿಸಿಲಿಗೆ ಬಣ್ಣಗೆಟ್ಟು ಇನ್ನೂ ಅಲ್ಲೇ ನೇತಾಡುತ್ತಿದೆ. ಕಂಡಾಗಲೆಲ್ಲ ಮೈ ಉರಿಯುತ್ತದೆ, ತಟ್ಟೆ ಖಾಲಿ ಮಾಡಿ ತೆಪ್ಪಗೆ ಎದ್ದು ಬಂದ ನನ್ನ ಮೇಲೂ.