ಹೊಸ ಯಂತ್ರ ಉಸಿರಾಡೋದು ಎಲ್ಲಿಂದ?

ಓಣಿಯ ಜನ ಅವಳಿಗೆ ಇಟ್ಟ ಹೆಸರು ನೋಡೋಣಮ್ಮ. ಯಾವ ಸುದ್ದಿ ತಂದರೂ ಅವಳ ಬಾಯಿಂದ ಮೊದಲು ಬೀಳುವ ಮಾತು ‘ನೋಡೋಣ’. ಸಂಜೆ ಮಳೆಯಂತೆ ಅಂದರೂ ನೋಡೋಣ, ಎದುರುಮನೆ ಹುಡುಗಿಗೆ ಮದುವೆ ಗೊತ್ತಾಯಿತಂತೆ ಅಂದರೂ ನೋಡೋಣ. ವಯಸ್ಸು ಐವತ್ತರ ಹತ್ತಿರ. ಮನೆಯ ಮುಂದಿನ ಕೋಣೆಯಲ್ಲಿ ವಿಡಿಯೋ ಗೇಮ್ ಯಂತ್ರಗಳ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಳು. ಧೂಳು ತುಂಬಿ ಕುಕ್ಕರಿನಂತೆ ಕೂಗುವ ಫ್ಯಾನು, ಗುಂಡಿಯ ಸಂದಿಯಲ್ಲಿ ಸಿಕ್ಕಿಕೊಂಡ ಬಿಸ್ಕತ್ತಿನ ಚೂರು, ಸೋತ ಸಿಟ್ಟಿಗೆ ಗೋಡೆಗೆ ಬಡಿದ ಕಂಟ್ರೋಲರು, ಎಲ್ಲಕ್ಕೂ ಅವಳ ಹತ್ತಿರ ಮದ್ದಿತ್ತು.

ಈ ಅನುಮಾನದ ಬುದ್ಧಿ ಹುಟ್ಟಿನಿಂದ ಬಂದದ್ದಲ್ಲ. ಹಿಂದೆ ಹನ್ನೊಂದು ವರ್ಷ ಅವಳು ಕಾರ್ಖಾನೆಯೊಂದರಲ್ಲಿ ಬೆಸುಗೆ ಹಾಕುವ ಕೆಲಸದಲ್ಲಿದ್ದಳು. ಒಂದು ಸಲ ಮ್ಯಾನೇಜರು ಎಲ್ಲರನ್ನೂ ಸೇರಿಸಿ, ನೀವೀಗ ಮಾಡುವ ಆಟದ ಪೆಟ್ಟಿಗೆ ಮನೆಮನೆಗೂ ಹೋಗುತ್ತದೆ ಎಂದು ಭಾಷಣ ಬಿಗಿದಿದ್ದ. ಅವಳೂ ಹುರುಪಿನಿಂದ ಒಂದು ಬೇಸಿಗೆಯಿಡೀ ಬೆನ್ನು ಬಗ್ಗಿಸಿ ದುಡಿದಳು. ಪೆಟ್ಟಿಗೆಗಳು ಮನೆಮನೆಗೆ ಹೋಗಲಿಲ್ಲ, ಗೋದಾಮಿಗೆ ಹೋದವು. ಹತ್ತು ನಿಮಿಷಕ್ಕೇ ಕಾದು ಕೆಂಡವಾಗುತ್ತಿದ್ದವು. ಗಾಳಿ ಹೋಗಲು ತೂತು ಸಾಲದೆಂದು ಬೆಸುಗೆ ಹಾಕುವ ಹೆಂಗಸರಿಗೆಲ್ಲ ಮೊದಲೇ ಗೊತ್ತಿತ್ತು. ಅವರನ್ನು ಕೇಳಿದವರು ಯಾರು?

ಅವಳ ಅತ್ತೆ ಇದಕ್ಕೆ ತದ್ವಿರುದ್ಧ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಎಪ್ಪತ್ತೆರಡು ದಾಟಿದರೂ ಬೆರಳು ಚುರುಕು. ಮಂಡಿಯ ಆಪರೇಷನ್ ಆಗಿ ಮಂಚ ಹಿಡಿದಾಗ, ಹೊತ್ತು ಹೋಗಲಿ ಎಂದು ಸೊಸೆ ಒಂದು ಹಳೆಯ ಯಂತ್ರ ಕೊಟ್ಟಳು. ಅದರಲ್ಲಿ ಕಾರ್ ರೇಸಿಗೆ ಕೂತವರು, ಮಂಡಿ ವಾಸಿಯಾದರೂ ಏಳಲಿಲ್ಲ.

ಒಂದು ಬೆಳಿಗ್ಗೆ ಅವರು ಫೋನು ಹಿಡಿದು ಅಂಗಡಿಗೇ ಬಂದರು.

“ಏ ಹುಡುಗೀ, ನೋಡಿದ್ಯಾ? ಹೊಸ ಮೆಷಿನ್ನು ಬರ್ತಾ ಇದೆ! ಕಂಪನಿಯವ್ರು ಈಗಷ್ಟೇ ಹೇಳಿದ್ರು.”

ಸೊಸೆ ಸ್ಕ್ರೂಡ್ರೈವರ್ ಕೆಳಗಿಟ್ಟು ನೋಡಿದಳು. ಫೋನಿನ ಜಾಹೀರಾತಿನಲ್ಲಿ ಮಂಜಿನ ನಡುವೆ ನುಣ್ಣನೆಯ ಕರಿ ಪೆಟ್ಟಿಗೆಯೊಂದು ಗಾಳಿಯಲ್ಲಿ ತಿರುಗುತ್ತಿತ್ತು. ಅವಳು ಮೂರು ಸಲ ಹಾಕಿಸಿಕೊಂಡು ನೋಡಿದಳು.

“ಅತ್ತೆ, ಇದು ಉಸಿರಾಡೋದು ಎಲ್ಲಿಂದ?”

“ಅಂದ್ರೆ?”

“ಒಂದು ತೂತಿಲ್ಲ, ಒಂದು ಸ್ಕ್ರೂ ಇಲ್ಲ. ಇಷ್ಟು ತಿರುಗಿಸಿದ್ರಲ್ಲ, ತಳ ಮಾತ್ರ ತೋರಿಸ್ಲೇ ಇಲ್ಲ. ಹಳೇ ಆಟ ಎಲ್ಲಾ ಇದ್ರಲ್ಲಿ ನಡಿಯುತ್ತಂತೆ. ಎಲ್ಲಾ ಅಂದ್ರೆ ಯಾವ್ಯಾವ್ದು?”

“ಕೂಸು ಹುಟ್ಲಿ ಕಣೇ, ಆಮೇಲೆ ಹಲ್ಲು ಎಣಿಸು.”

“ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಾ ಇರೋರು ನೀವು!”

ಎದುರಿನ ಕ್ಷೌರದಂಗಡಿಯವನು ಗಿರಾಕಿಯ ಕೆನ್ನೆಗೆ ನೊರೆ ಬಳಿಯುತ್ತಲೇ ಕೂಗಿದ: “ಹೊಸದು ಬಂದ್ರೆ ಅಂಗಡಿಗೆ ಬೀಗ ಅಂತ ಭಯ ನಿಮಗೆ, ಅಕ್ಕಾ!”

“ಹೊಸ ಕತ್ತರಿ ಬಂತು ಅಂತ ಕೂದಲು ಬೆಳೆಯೋದು ನಿಲ್ಲುತ್ತೇನಪ್ಪಾ?”

ಗಿರಾಕಿ ನಕ್ಕ ರಭಸಕ್ಕೆ ನೊರೆ ಕ್ಷೌರದವನ ಅಂಗಿಗೇ ಸಿಡಿಯಿತು.

ಯಂತ್ರ ಬರುವ ದಿನ ಎರಡು ಸಲ ಮುಂದಕ್ಕೆ ಹೋಯಿತು. ಸೊಸೆಯ ಮುಖದ ಮೇಲೆ ‘ನಾನು ಹೇಳಲಿಲ್ವಾ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅತ್ತೆ ಆ ಮುಖ ನೋಡಲಾರದೆ ಒಂದು ದಿನವಿಡೀ ಅಂಗಡಿಯ ಕಡೆ ಸುಳಿಯಲಿಲ್ಲ.

ಕೊನೆಗೆ ಅದು ಬಂದೇ ಬಂತು. ಪೇಟೆಯ ದೊಡ್ಡ ಅಂಗಡಿಯೊಂದರಲ್ಲಿ ಯಾರು ಬೇಕಾದರೂ ಆಡಿ ನೋಡಬಹುದೆಂದು ತಿಳಿದದ್ದೇ ತಡ, ಅತ್ತೆ ಸೊಸೆಯನ್ನು ಎಳೆದುಕೊಂಡು ಬಸ್ಸು ಹತ್ತಿದರು. ಕಾಲೇಜು ಹುಡುಗರ ಸಾಲಿನ ಕೊನೆಯಲ್ಲಿ ಇಬ್ಬರೂ ನಿಂತರು. ಸೊಸೆಗೆ ಟಿವಿಯ ಕಡೆ ಲಕ್ಷ್ಯವಿಲ್ಲ. ಸಾಲು ಬಿಟ್ಟು ಮೇಜಿನ ಹಿಂದೆ ಹೋಗಿ ಯಂತ್ರದ ಬೆನ್ನಿಗೆ ಅಂಗೈ ಇಟ್ಟಳು. ಬೆಳಿಗ್ಗೆಯಿಂದ ಓಡುತ್ತಿದ್ದರೂ ಹದವಾದ ಬಿಸಿ, ಅಷ್ಟೇ. ಬಗ್ಗಿ ನೋಡಿದರೆ ಬುಡದ ಸುತ್ತ ಕೂದಲೆಳೆಯಷ್ಟು ಸಂದಿ. ಅಲ್ಲಿಂದ ಗಾಳಿ ಹರಿಯುತ್ತಿತ್ತು.

“ಏನಮ್ಮಾ, ಪಕ್ಕದಲ್ಲಿರೋದನ್ನ ಸ್ವಲ್ಪ ಮಗುಚಿ ತೋರಿಸ್ತೀಯಾ?”

ಅಂಗಡಿಯ ಹುಡುಗಿ ನಕ್ಕಳು. “ಇದನ್ನ ಯಾರೂ ಕೇಳಿರ್ಲಿಲ್ಲ ಮೇಡಂ.” ಆನ್ ಮಾಡದೆ ಇಟ್ಟಿದ್ದ ಇನ್ನೊಂದನ್ನು ಮಗುಚಿದಳು. ತಳದ ತುಂಬ ಸಣ್ಣ ತೂತುಗಳು, ಮೂಲೆಗೊಂದರಂತೆ ಯಾರು ಬೇಕಾದರೂ ಬಿಚ್ಚಬಹುದಾದ ನಾಲ್ಕು ಸಾದಾ ಸ್ಕ್ರೂ.

“ಅತ್ತೇ! ಸ್ಕ್ರೂ ಇದೆ!”

ಜಾತ್ರೆಯಲ್ಲಿ ಕಳೆದುಹೋದ ತಂಗಿ ಸಿಕ್ಕಂತೆ ಕೂಗಿದಳು. ಅಂಗಡಿಗೆ ಅಂಗಡಿಯೇ ತಿರುಗಿ ನೋಡಿತು. “ನಂದೇ ತಪ್ಪು ಅತ್ತೆ. ಯಾರೋ ತಲೆ ಓಡಿಸಿ ಮಾಡಿದ್ದಾರೆ.”

ಸರದಿ ಬಂದಾಗ ಅತ್ತೆ ಗೆದ್ದ ಠೀವಿಯಲ್ಲಿ ಕುರ್ಚಿಗೆ ಕೂತು ತಮ್ಮ ಹಳೆಯ ರೇಸನ್ನು ಕೇಳಿದರು. ಹುಡುಗಿ ಪಟ್ಟಿಯನ್ನು ಮೇಲಿಂದ ಕೆಳಗೆ ಹುಡುಕಿದಳು. ಅದಿರಲಿಲ್ಲ.

“ಎಲ್ಲಾ ಆಟ ಅಂದಿದ್ರಲ್ಲಮ್ಮಾ?”

“ಎಲ್ಲಾ ಅಂದ್ರೆ... ಹೆಚ್ಚುಕಡಿಮೆ ಎಲ್ಲಾ ಅಜ್ಜಿ.”

ಅತ್ತೆಯ ಮುಖ ಇಳಿಯಿತು. ಸೊಸೆ ಎರಡನೆಯ ಕಂಟ್ರೋಲರು ಕೈಗೆತ್ತಿಕೊಂಡಳು.

“ಹೊಸದನ್ನೇ ಆಡೋಣ ಬನ್ನಿ, ಇಬ್ಬರೂ.”

ಅತ್ತೆ ಕಣ್ಣು ಪಿಳಿಪಿಳಿ ಬಿಟ್ಟರು. ಸೊಸೆ ಇಷ್ಟು ವರ್ಷ ರಿಪೇರಿ ಮಾಡಿದ್ದಳೇ ಹೊರತು ಆಡಿದವಳಲ್ಲ. ಗುಂಡಿಗಳನ್ನೆಲ್ಲ ಒಂದೊಂದು ಸಲ ಒತ್ತಿ ನೋಡಿ ಆರಿಸಿಬಿಡುವುದು ಅವಳ ರೂಢಿ.

ಅದು ದೋಣಿಗಳ ರೇಸು. ಸೊಸೆಯ ದೋಣಿ ಹೊರಟದ್ದೇ ಹಿಮ್ಮುಖವಾಗಿ. ಬಂಡೆಗೆ ಬಡಿಯಿತು, ದಡ ಹತ್ತಿತು, ಅತ್ತೆಯ ದೋಣಿಗೇ ಎದುರಾಗಿ ಬಂತು. “ಏ, ನನ್ನನ್ನ ಯಾಕೆ ಗುದ್ದುತೀಯೇ!” ಎಂದು ಅತ್ತೆ ಕಿರುಚಿದರು. ಸೊಸೆ ನಕ್ಕು ನಕ್ಕು ಕಣ್ಣೀರು ಒರೆಸಿಕೊಳ್ಳುವಾಗ ಅವಳ ದೋಣಿ ಮುಳುಗಿಯೇ ಹೋಯಿತು. ಅತ್ತೆ ಗೆದ್ದರು, ಹುಡುಗರು ಶಿಳ್ಳೆ ಹಾಕಿದರು. ಸಾಲಿನಲ್ಲಿದ್ದವರೇ “ಇನ್ನೊಂದು ಆಟ ಆಡಿ ಅಜ್ಜಿ” ಎಂದು ಜಾಗ ಬಿಟ್ಟುಕೊಟ್ಟರು.

ಅವತ್ತು ಅವರು ಹೊಸ ಯಂತ್ರ ಕೊಳ್ಳಲಿಲ್ಲ. ತಮ್ಮ ರೇಸು ಇಲ್ಲದ ಪೆಟ್ಟಿಗೆ ಅತ್ತೆಗೇ ಬೇಡವಾಯಿತು. ಆದರೆ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದು, ತಿರುವಿನಲ್ಲಿ ಯಾವಾಗ ಬ್ರೇಕ್ ಒತ್ತಬೇಕು, ಯಾವಾಗ ಬಿಡಬೇಕು ಎಂದು ಸೊಸೆಗೆ ದಾರಿಯುದ್ದಕ್ಕೂ ಪಾಠ ಹೇಳಿದರು. ಅಲ್ಲಿಂದಾಚೆ ಭಾನುವಾರ ಮಧ್ಯಾಹ್ನ ರಿಪೇರಿ ಅಂಗಡಿ ಮುಚ್ಚಿರುತ್ತದೆ. ಒಳಗೆ ಹಳೆಯ ಯಂತ್ರದ ಮುಂದೆ ಅತ್ತೆ, ಸೊಸೆ. ತನ್ನ ಸರದಿಗೆ ಕಾಯುತ್ತ ಎದುರಂಗಡಿಯವನು.

ಹೋದ ಭಾನುವಾರ ಸೊಸೆ ಮೊದಲ ಸಲ ಅರ್ಧ ಸೆಕೆಂಡು ಮುಂದೆ ಗೆರೆ ದಾಟಿದಳು. ಅತ್ತೆ ತಮ್ಮ ಕಂಟ್ರೋಲರನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅವಳ ಮಡಿಲಿಗೆ ಹಾಕಿದರು.

“ಗುಂಡಿ ಕೆಟ್ಟಿದೆ ಕಣೇ. ರಿಪೇರಿ ಮಾಡು.”