ಎಡದಿಂದ ಬಲಕ್ಕೆ ನನ್ನದು

ಕೊಟ್ಟೂರಿನ ನಮ್ಮ ಮನೆ ಪಾಲಾದಾಗ ಹೊಲ, ಬಟ್ಟೆ ಅಂಗಡಿ, ಹಂಡೆ, ಕೊಪ್ಪರಿಗೆ ಎಲ್ಲವೂ ಎರಡಾದವು. ದಿನಪತ್ರಿಕೆಯೊಂದು ಮಾತ್ರ ಯಾರ ನೆನಪಿಗೂ ಬರಲಿಲ್ಲ. ಮಾವನವರ ಕಾಲದಿಂದ ಬರುತ್ತಿದ್ದ ಪೇಪರು ಅದು. ಬೀದಿ ಬಾಗಿಲು ನಮ್ಮ ಪಾಲಿಗೆ ಬಂದದ್ದರಿಂದ ಪೇಪರೂ ನಮ್ಮ ಕಡೆಯೇ ಬೀಳುತ್ತಿತ್ತು. ಓದಿ ಮುಗಿದ ಮೇಲೆ ಹಿತ್ತಲಿನ ಗೋಡೆಯ ಮೇಲಿಟ್ಟು, ಗಾಳಿಗೆ ಹಾರದಂತೆ ಒಂದು ಇಟ್ಟಿಗೆ ತುಂಡು ಹೇರುವುದು ನನ್ನ ಕೆಲಸ. ಆಚೆಯಿಂದ ಅದನ್ನು ತೆಗೆದುಕೊಳ್ಳುವುದು ನನ್ನ ನೆಗೆಣ್ಣಿಯ ಕೆಲಸ. ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಆ ಮನೆಗೆ ನಾನು ದೊಡ್ಡ ಸೊಸೆ, ಅವಳು ಸಣ್ಣ ಸೊಸೆ.

ಭಾನುವಾರದ ಪುರವಣಿಯಲ್ಲಿ ದೊಡ್ಡ ಪದಬಂಧ ಬರುತ್ತದೆ. ವಾರದ ದಿನಗಳಲ್ಲಿ ಬರುವುದು ಮಕ್ಕಳಾಟ, ಒಲೆಯ ಮೇಲೆ ಹಾಲು ಉಕ್ಕುವುದರೊಳಗೆ ಮುಗಿಯುತ್ತದೆ. ಭಾನುವಾರದ್ದು ಹಾಗಲ್ಲ, ಬೆವರಿಳಿಸುತ್ತದೆ. ಒಂದೊಂದು ಸುಳಿವು ತಲೆಯೊಳಗೆ ಕೂತು ಸಂಜೆಯವರೆಗೆ ಕೊರೆಯುತ್ತದೆ.

ಎಲ್ಲರೂ ಒಟ್ಟಿಗಿದ್ದಾಗ ಗಂಡಸರ ಊಟವಾಗಿ ಮನೆ ಮಲಗಿದ ಮೇಲೆ ನಾವಿಬ್ಬರೂ ಪಡಸಾಲೆಯಲ್ಲಿ ಪುರವಣಿ ಹಾಸಿಕೊಂಡು ಕೂಡುತ್ತಿದ್ದೆವು. ಇಬ್ಬರೂ ಎಸ್ಸೆಸ್ಸೆಲ್ಸಿ ಪಾಸಾದವರು, ಇಬ್ಬರಿಗೂ ಅದರ ಜಂಬವಿತ್ತು. ಎಡದಿಂದ ಬಲಕ್ಕೆ ಹೋಗುವ ಪದಗಳು ನನ್ನವು, ಮೇಲಿನಿಂದ ಕೆಳಕ್ಕೆ ಇಳಿಯುವವು ಅವಳವು. ಹಂಚಿಕೊಂಡದ್ದು ಯಾವಾಗ ಎಂದು ನೆನಪಿಲ್ಲ. ಒಬ್ಬರ ಪದ ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ನಾನು ಪೆನ್ನಿನಲ್ಲಿ ಬರೆಯುತ್ತಿದ್ದೆ, ಅವಳು ಪೆನ್ಸಿಲ್ಲಿನಲ್ಲಿ.

ಅದಕ್ಕೂ ಕಾರಣವಿತ್ತು. ನಮ್ಮ ಅತ್ತೆಯ ಅಡಿಗೆಮನೆಯಲ್ಲಿ ಒಂದು ಕಟ್ಟಳೆ: ದೊಡ್ಡ ಸೊಸೆ ಉಪ್ಪು ಹಾಕಿದ ಸಾರಿಗೆ ಸಣ್ಣ ಸೊಸೆ ಮತ್ತೆ ಉಪ್ಪು ಹಾಕಬಾರದು. ಸಪ್ಪೆಯಾದರೆ ಮನೆಮಂದಿಯೆಲ್ಲ ಸಪ್ಪೆಯನ್ನೇ ಉಣ್ಣಬೇಕು. ಸಣ್ಣವಳು ಬೇಕಾದರೆ ದೊಡ್ಡವಳ ಕಿವಿಯಲ್ಲಿ ಹೇಳಬಹುದು, ಹಾಕುವ ಕೈ ಮಾತ್ರ ದೊಡ್ಡವಳದೇ. ಆ ಕಟ್ಟಳೆ ತನ್ನಷ್ಟಕ್ಕೆ ತಾನೇ ಪದಬಂಧಕ್ಕೂ ಬಂತು. ನಾನು ತಪ್ಪು ಬರೆದರೆ ಅವಳು ಹೊಡೆದು ಹಾಕುತ್ತಿರಲಿಲ್ಲ. ಚೌಕದ ಮೇಲೆ ಬೆರಳಿಟ್ಟು, "ಅಕ್ಕಾ, ಇಲ್ಲೊಮ್ಮಿ ನೋಡ್ರಿ" ಅನ್ನುತ್ತಿದ್ದಳು. ನಾನು ಒಂದಿಷ್ಟು ಗೊಣಗಿ ನಾನೇ ತಿದ್ದುತ್ತಿದ್ದೆ. ಮುಂದಿನ ವಾರ ಬರುವ ಉತ್ತರವನ್ನು ನಾವು ನೋಡುತ್ತಲೇ ಇರಲಿಲ್ಲ. ಇಬ್ಬರ ಅಕ್ಷರ ಕೂಡಿತೆಂದರೆ ಮುಗಿಯಿತು, ಪೇಪರಿನವನನ್ನೇನು ಕೇಳುವುದು.

ಪಾಲಾದ ಮೇಲೂ ಇದು ನಿಲ್ಲಲಿಲ್ಲ. ಭಾನುವಾರ ಮುಂಜಾನೆ ನಾನು ಎಡದಿಂದ ಬಲಕ್ಕೆ ತುಂಬಿಸಿ ಗೋಡೆಯ ಮೇಲಿಡುವುದು, ದೀಪ ಹಚ್ಚುವ ಹೊತ್ತಿಗೆ ಅವಳು ಮೇಲಿನಿಂದ ಕೆಳಕ್ಕೆ ತುಂಬಿಸಿ ತಿರುಗಿ ಇಡುವುದು. ತಿದ್ದುವುದೇನಾದರೂ ಇದ್ದರೆ ಗೋಡೆಯಾಚೆಯಿಂದಲೇ ಕೂಗಿ ಹೇಳುತ್ತಿದ್ದಳು.

ಆಮೇಲೆ ನನ್ನ ಯಜಮಾನರು ತೀರಿಕೊಂಡರು. ನಮಗೆ ಮಕ್ಕಳಿರಲಿಲ್ಲ. ವರ್ಷ ತುಂಬುವುದರೊಳಗೆ ಆಚೆ ಮನೆಯಲ್ಲಿ ಮಗನ ಮದುವೆ ಬಂತು. ವರ್ಷದೊಳಗೆ ಶುಭಕಾರ್ಯ ಮಾಡಿ ಮುಗಿಸಬೇಕು ಅನ್ನುತ್ತಾರೆ, ಅದಕ್ಕೆ ನನ್ನ ತಕರಾರಿರಲಿಲ್ಲ. ಲಗ್ನಪತ್ರಿಕೆ ಕೊಟ್ಟರು, ಅಕ್ಷತೆಗೆ ಬರಬೇಕೆಂದರು. ಅರಿಶಿಣಕ್ಕೆ ಮಾತ್ರ ಕರೆಯಲಿಲ್ಲ. ಓಣಿಯ ಮುತ್ತೈದೆಯರೆಲ್ಲ ಆಚೆ ಹಿತ್ತಲಿನಲ್ಲಿ ನೆರೆದು ಹಾಡು ಹೇಳುತ್ತ ಹುಡುಗನಿಗೆ ಅರಿಶಿಣ ಹಚ್ಚುತ್ತಿದ್ದರು. ನಾನು ಈಚೆ ಬಟ್ಟೆ ಒಗೆಯುತ್ತಿದ್ದೆ. ಅವನು ಕೂಸಾಗಿದ್ದಾಗ ಎಣ್ಣೆ ಹಚ್ಚಿ ಎರೆದವಳು ನಾನು. ಗಂಡ ಸತ್ತವಳ ಕೈ ಅರಿಶಿಣಕ್ಕೆ ಸೋಕಬಾರದೆಂಬ ಶಾಸ್ತ್ರ ನನಗೇನು ಗೊತ್ತಿಲ್ಲದ್ದಲ್ಲ, ಬೇರೆಯವರ ಮದುವೆಗಳಲ್ಲಿ ನಾನೂ ಪಾಲಿಸಿದವಳೇ. ಇವಳು ನನ್ನ ಮೇಲೆ ಪಾಲಿಸುತ್ತಾಳೆ ಅಂದುಕೊಂಡಿರಲಿಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಅಕ್ಷತೆಗೂ ಹೋಗಲಿಲ್ಲ. ಅವಳು ಯಾಕೆಂದು ಕೇಳಲು ಬರಲಿಲ್ಲ, ನಾನು ಹೇಳಲು ಹೋಗಲಿಲ್ಲ. ಮಾತು ಬಿಟ್ಟೆವು.

ನಮ್ಮ ಕಡೆ ಮಾತು ಬಿಡುವುದಕ್ಕೂ ಒಂದು ಶಿಸ್ತಿದೆ. ಎದುರಾದರೆ ಸೆರಗು ಸರಿಮಾಡಿಕೊಳ್ಳುವ ನೆವದಲ್ಲಿ ಬೇರೆ ಕಡೆ ನೋಡಬೇಕು. ಸಾವಿಗೆ ಹೋಗಬೇಕು, ಶುಭಕ್ಕೆ ಹೋಗಬಾರದು. ಪೇಪರು ಎರಡರಲ್ಲಿ ಯಾವುದೂ ಅಲ್ಲವಲ್ಲ, ಅದು ಗೋಡೆ ದಾಟುತ್ತಲೇ ಇತ್ತು. ಪದಬಂಧವೂ ಹಾಗೇ ನಡೆಯಿತು. ವಾರವೆಲ್ಲ ನನ್ನೊಂದಿಗೆ ಮಾತಾಡುವವರು ಕಾಯಿಪಲ್ಲೆಯವಳು, ಗ್ಯಾಸಿನವನು, ಅಷ್ಟೇ. ಭಾನುವಾರ ಸಂಜೆ ಆ ಪೆನ್ಸಿಲ್ಲಿನ ಅಕ್ಷರಗಳು ನನ್ನ ಅಕ್ಷರಗಳ ಮೇಲೆ ಹಾದು ಬಂದದ್ದನ್ನು ನೋಡಿದರೆ, ಯಾರೋ ಬಂದು ಎದುರಿಗೆ ಕೂತು ಎದ್ದು ಹೋದಷ್ಟು ಹಿತವಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನಾನು ಬದುಕುತ್ತಿದ್ದದ್ದೇ ಆ ಒಂದು ಸಂಜೆಗಾಗಿ.

ಒಬ್ಬಳೇ ಇರುವುದು ಕಷ್ಟವಲ್ಲ, ಒಬ್ಬಳಿಗೇ ಅಡಿಗೆ ಮಾಡುವುದು ಕಷ್ಟ. ಒಂದು ರೊಟ್ಟಿಗೆ ಹಂಚು ಕಾಯಿಸಲು ಬೇಜಾರಾಗಿ ಎಷ್ಟೋ ರಾತ್ರಿ ಮಂಡಕ್ಕಿ, ಶೇಂಗಾ ಚಟ್ನಿಪುಡಿ ಕಲಸಿ ತಿಂದು ಮಲಗಿದ್ದೇನೆ. ಆಚೆ ಮನೆಯಲ್ಲಿ ಮಿಕ್ಸಿ ತಿರುಗುತ್ತದೆ, ಟಿವಿ ಕೂಗುತ್ತದೆ, ಮೊಮ್ಮಗು ರಚ್ಚೆ ಹಿಡಿಯುತ್ತದೆ. ಆ ಕೂಸನ್ನು ನಾನು ಇನ್ನೂ ಎತ್ತಿಕೊಂಡಿರಲಿಲ್ಲ. ಅದರ ಅಳು ಮಾತ್ರ ಚೆನ್ನಾಗಿ ಗುರುತಿತ್ತು, ಹಸಿವಿನದು ಯಾವುದು, ಹಟದ್ದು ಯಾವುದು ಎಂದು ಗೋಡೆಯ ಈಚೆಯಿಂದಲೇ ತಿಳಿಯುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಪದಬಂಧ ಅರೆಬರೆಯಾಗಿ ತಿರುಗಿ ಬರತೊಡಗಿತು. ಮೊದಲ ವಾರ ಒಂದು ಸಾಲು ಖಾಲಿ. ಮೊಮ್ಮಗು ಕಾಡಿಸಿರಬೇಕು ಅಂದುಕೊಂಡೆ. ಮುಂದಿನ ವಾರ ಇನ್ನಷ್ಟು. ಆಮೇಲೆ ಖಾಲಿ ಇಲ್ಲದ ವಾರವೇ ಇಲ್ಲ. ಬೇಕೆಂದೇ ಬಿಡುತ್ತಿದ್ದಾಳೆ ಅನ್ನಿಸಿತು. ಮಾತು ಬಿಟ್ಟದ್ದು ಸಾಲದೆಂದು ಈಗ ಅಕ್ಷರವನ್ನೂ ಬಿಡುತ್ತಿದ್ದಾಳೆ, ಬಿಡಲಿ, ನನಗೇನು ಹೋಗಬೇಕಾಗಿದೆ ಎಂದು ಪಾತ್ರೆ ಕುಕ್ಕಿದೆ. ಕುಕ್ಕಿದರೆ ಕೇಳುವವರು ಯಾರು. ಮರುದಿನ ಮತ್ತೆ ಭಾನುವಾರ ಯಾವಾಗ ಬರುತ್ತದೆಂದು ಕ್ಯಾಲೆಂಡರ್ ನೋಡಿದೆ.

ಒಂದು ಭಾನುವಾರ ಸಂಜೆ ಪುರವಣಿ ತಂದು ನೋಡುತ್ತೇನೆ, ಮೇಲಿನ ಮೂಲೆಯಲ್ಲೇ ಅವಳ ಮೂರು ಚೌಕದ ಪದ ಬಿಟ್ಟುಹೋಗಿದೆ. ಅವಳ ಸುಳಿವುಗಳನ್ನು ನಾನು ಓದುವ ರೂಢಿಯಿಲ್ಲ, ಅವತ್ತು ಸಿಟ್ಟಿಗೆ ಓದಿದೆ. 'ಕಾರಣಿಕಕ್ಕೆ ಹೆಸರಾದ ಕ್ಷೇತ್ರ' ಎಂದಿತ್ತು. ನನಗೆ ನಗು ಬಂತು. ಅವಳ ತವರು ಹಿರೇಹಡಗಲಿ. ವರ್ಷವರ್ಷ ಜಾತ್ರೆಯಲ್ಲಿ ಕಾರಣಿಕದ ಭವಿಷ್ಯ ನುಡಿಯುವ ಮೈಲಾರ ಅವರ ಮಗ್ಗುಲಲ್ಲೇ ಇದೆ. ಹಡಗಲಿ ಸೀಮೆಯ ಕೂಸು ಕೂಡ ನಿದ್ದೆಗಣ್ಣಲ್ಲಿ ಹೇಳುವ ಉತ್ತರ ಅದು. ನೋಡೇ ಬಿಡೋಣ ಎಂದು ಪೆನ್ನು ತೆಗೆದೆ, ಕಟ್ಟಳೆ ಮುರಿದು ಅವಳ ಪದ ನಾನೇ ಬರೆಯಲು ಹೋದೆ. ಮೊದಲ ಚೌಕದಲ್ಲಿ 'ಮೈ' ಬರೆಯಬೇಕು. ಅಲ್ಲಿ ಆಗಲೇ 'ಷ' ಇತ್ತು. ನನ್ನ ಪೆನ್ನಿನದೇ ಷ.

ಅಲ್ಲಿಂದಲೇ ಶುರುವಾಗುವ ನನ್ನ ಪದ ನೋಡಿದೆ. 'ಗಂಡನ ತಮ್ಮ' ಎಂಬುದು ಸುಳಿವು. ನಾನು ದುಂಡಗೆ 'ಷಡ್ಡಕ' ಎಂದು ಬರೆದಿದ್ದೆ. ಹೆಂಡತಿಯ ಅಕ್ಕತಂಗಿಯರ ಗಂಡನಿಗೆ ಹೇಳುವ ಮಾತು ಅದು, ಹೆಂಗಸಾದ ನನ್ನ ಬಾಯಲ್ಲಿ ಜನ್ಮದಲ್ಲಿ ಬಳಕೆಯಿಲ್ಲದ್ದು. ಗಂಡನ ತಮ್ಮ ಗೋಡೆಯಾಚೆ ಕೆಮ್ಮುತ್ತಿದ್ದ. ಅವನು ನನಗೆ ಏನಾಗಬೇಕು ಎಂದು ಕೇಳಿಕೊಂಡೆ. ಮೈದುನ ಎನ್ನುವ ಮಾತು ನಾಲಿಗೆಗೆ ಬರಲು ಹೊತ್ತು ಹಿಡಿಯಿತು.

ಹಳೆಯ ಪುರವಣಿಗಳು ಕಪಾಟಿನಲ್ಲಿದ್ದವು. ತೆಗೆದು ನೆಲದ ಮೇಲೆ ಹರಡಿಕೊಂಡೆ. ಒಂದು ವಾರದ್ದರ ಪಕ್ಕಕ್ಕೆ ಮುಂದಿನ ವಾರದ ಉತ್ತರವಿಟ್ಟು ನೋಡಿದೆ. ನೇಯುವ ಸಾಧನ ಕೇಳಿದರೆ ಬಟ್ಟೆ ಅಂಗಡಿಯ ಹೆಂಗಸು ನಾನು, ಮಗ್ಗ ಬಿಟ್ಟು ರಾಟೆ ಬರೆದಿದ್ದೆ. ಕೃತ್ತಿಕೆಯ ನಂತರದ ಮಳೆಗೆ ರೋಹಿಣಿ ಬಿಟ್ಟು ಅಶ್ವಿನಿ ಬರೆದಿದ್ದೆ. ಅವಳು ಖಾಲಿ ಬಿಟ್ಟದ್ದೆಲ್ಲ ನನ್ನ ತಪ್ಪು ಪದಗಳ ಮೇಲೆಯೇ ಬಂದಿತ್ತು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ದೊಡ್ಡವಳು ಬರೆದದ್ದನ್ನು ಹೊಡೆಯುವಂತಿಲ್ಲ, ಬಾಯಿಬಿಟ್ಟು ಹೇಳಲು ಮಾತಿಲ್ಲ. ತನ್ನದನ್ನು ಬಿಟ್ಟುಕೊಟ್ಟು ಸುಮ್ಮನಿದ್ದಳು. ನಾನು ಅದನ್ನು ಹಗೆ ಎಂದು ಓದಿಕೊಂಡಿದ್ದೆ.

ನನ್ನ ತಲೆ ಸವೆಯುತ್ತಿರುವುದು ನನಗಿಂತ ಮೊದಲು ಅವಳಿಗೆ ಗೊತ್ತಾಗಿತ್ತು. ಊರಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ನನ್ನ ತಲೆಯೊಳಗಿನದು ಹೊರಗೆ ಬೀಳುತ್ತಿದ್ದ ಜಾಗ ಅದೊಂದೇ. ಅವತ್ತು ನನಗೆ ಬಹಳ ಹೆದರಿಕೆಯಾಯಿತು. ಹೆದರಿಕೆಯಾಗಿದೆ ಎಂದು ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಮುಂದಿನ ಭಾನುವಾರ ಪೆನ್ನು ಹಿಡಿದು ಕೂತೆ. ಸುಲಭದ ಪದಕ್ಕೂ ಕೈ ಓಡಲಿಲ್ಲ. ಸರಿಯೆನ್ನಿಸಿದ್ದು ಸರಿಯೋ ಅಲ್ಲವೋ, ಯಾರನ್ನು ನಂಬುವುದು. ಒಂದಕ್ಷರವನ್ನೂ ಬರೆಯದೆ ಗೋಡೆಯ ಮೇಲಿಟ್ಟು ಇಟ್ಟಿಗೆ ಹೇರಿ ಒಳಗೆ ಬಂದೆ.

ಸಂಜೆಯ ತನಕ ಕಾಯಬೇಕಾಗಲಿಲ್ಲ. ಬೀದಿ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಅವಳು. ಓಣಿ ಸುತ್ತಿ ಬಂದಿದ್ದಳು, ಕೈಯಲ್ಲಿ ಪುರವಣಿ, ಸೀರೆಗೆ ಹಿಟ್ಟು ಮೆತ್ತಿಕೊಂಡಿತ್ತು. ಕೂದಲು ಪೂರಾ ಬೆಳ್ಳಗಾಗಿತ್ತು. ಮೋರೆ ಬೇರೆ ಕಡೆ ತಿರುಗಿಸಿ ತಿರುಗಿಸಿ ಅದನ್ನು ನಾನು ಗಮನಿಸಿರಲೇ ಇಲ್ಲ.

"ಖಾಲಿ ಕಳಿಸೀರಲ್ರಿ ಅಕ್ಕಾ," ಎಂದಳು.

"ತಪ್ಪು ಬರೆಯೋದ್ಕಿಂತ ಖಾಲಿ ಚಲೋ ಅನ್ನಿಸ್ತು."

"ತಪ್ಪರ ಬರೀರಿ. ತಪ್ಪು ಬರದ್ರ ಆಕಡಿ ನೀವು ಅದೀರಿ ಅಂತ ತಿಳಿತೈತಿ. ಖಾಲಿ ನೋಡಿ ನನ್ನ ಎದಿ ಒಡೀತು, ರೊಟ್ಟಿ ಹಂಚಿನ ಮ್ಯಾಲೆ ಬಿಟ್ಟು ಬಂದೀನಿ."

"ನಿನಗ ಮೊದಲ ಗೊತ್ತಿತ್ತು."

"ಗೊತ್ತಿತ್ರಿ."

"ಒಂದ್ ಮಾತು ಹೇಳಬಾರ್ದಿತ್ತಾ?"

"ಹೆಂಗ ಹೇಳ್ಲಿ? ನಿಮ್ಮ ಕಡಿಂದ ಒಂದು ಮಾತು ಬರ್ಲಿ ಅಂತ ದಾರಿ ಕಾಯಾಕತ್ತಿದ್ದೆ," ಎಂದು ಹೊಸ್ತಿಲ ಮೇಲೆಯೇ ಕೂತು ಅತ್ತಳು. ನಾನು ಅಳಲಿಲ್ಲ. ಒಳಗೆ ಬಾ ಎಂದೆ, ಹೊಸ್ತಿಲ ಮೇಲೆ ಕೂಡಬಾರದು ಎಂದು ಬೈದೆ.

ಅವಳೇ ಹಟ ಮಾಡಿ ದಾವಣಗೆರೆಗೆ ಕರೆದುಕೊಂಡು ಹೋದಳು. ಡಾಕ್ಟರು ಸಣ್ಣ ವಯಸ್ಸಿನವರು, ಗಡಿಯಾರ ಬರೆಯಿರಿ ಅಂದರು, ಕೆಲವು ಪದ ಹೇಳಿ ಆಮೇಲೆ ಕೇಳಿದರು. ಗಡಿಯಾರ ಬರೆದೆ, ಪದಗಳಲ್ಲಿ ಕೆಲವು ಕೈಕೊಟ್ಟವು. ಮರೆವಿನ ಕಾಯಿಲೆ ಈಗಷ್ಟೇ ಶುರುವಾಗಿದೆ, ಗುಳಿಗೆಯಿಂದ ನಿಧಾನವಾಗಬಹುದು, ನಿಲ್ಲುವುದಿಲ್ಲ ಎಂದರು. ಹತ್ತಿರದ ನೆನಪು ಮೊದಲು ಹೋಗುತ್ತದೆ, ಹಳೆಯವು ಬಹಳ ದಿನ ಉಳಿಯುತ್ತವೆ ಎಂದೂ ಹೇಳಿದರು. ಅವರು ಅದನ್ನು ಸಮಾಧಾನಕ್ಕೆಂದೇ ಹೇಳಿದ್ದು.

ತಿರುಗಿ ಬರುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಿದ್ದೆ. ಹಳೆಯದು ಉಳಿಯುತ್ತದೆ ಎಂದರೆ ಅರಿಶಿಣದ ಆ ಹಾಡು ಉಳಿಯುತ್ತದೆ. ಇವಳು ಹೊಸ್ತಿಲ ಮೇಲೆ ಕೂತು ಅತ್ತದ್ದು, ನನ್ನ ಕೈ ಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿಸಿದ್ದು ಹೋಗುತ್ತದೆ. ಸಿಟ್ಟು ಉಳಿದು ಸಿಟ್ಟು ಇಳಿದದ್ದು ಹೋಗುತ್ತದೆ. ಹರಪನಹಳ್ಳಿ ದಾಟಿದ ಮೇಲೆ ಬಸ್ಸು ಸ್ವಲ್ಪ ಖಾಲಿಯಾಯಿತು.

"ಅರಿಶಿಣಕ್ಕ ನನ್ನ ಕರೀಲಿಲ್ಲ ನೀನು," ಎಂದೆ.

ಅವಳು ಬೆಚ್ಚಿ ನನ್ನ ಕಡೆ ನೋಡಿದಳು. "ಇಲ್ರಿ ಅಕ್ಕಾ. ಕರೀಲಿಲ್ಲ. ಮಂದಿಗೆ ಅಂಜಿದೆ."

"ಆತು. ಅದನ್ನ ಇವತ್ತಿಗೆ ಬಿಟ್ಟೀನಿ ನಾನು. ಮರತಮ್ಯಾಲೆ ಬಿಟ್ರ ಅದು ಬಿಟ್ಟಂಗಲ್ಲ. ಈಗ ಚಲೋತ್ನಾಗ ನೆನಪೈತಿ, ಈಗ ಬಿಟ್ಟೀನಿ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಪೂರಾ ಕೇಳು," ಎಂದೆ. "ಮುಂದ ಯಾವತ್ತರ ನಾನು ಇದನ್ನ ಮರತು, ಮತ್ತ ಸಿಟ್ಟು ಮಾಡಿ, ನಿನ್ನ ಬಾಗಿಲಾಗ ನಿಲ್ಲಿಸಿದ್ರ, ಹೊಳ್ಳಿ ಹೋಗಬ್ಯಾಡ. ಬಸ್ಸಿನ್ಯಾಗ ಬಿಟ್ಟೀರಿ ಅಂತ ಹೇಳು. ನಾ ನಂಬಂಗಿಲ್ಲ. ಸುಳ್ಳಿ ಅಂತ ಬೈತೀನಿ. ಆದ್ರೂ ಹೇಳು."

"ಹೇಳ್ತೀನ್ರಿ," ಎಂದಳು.